ಹಾಡಿನ ಹೆಸರೆಲ್ಲ ಪ್ರಶ್ನಾರ್ಥಕ

ಅಕ್ಕನ ಮಗಳ ಮದುವೆ ಕಂಪ್ಲಿಯಲ್ಲಿತ್ತು. ಬೀಗರು ಸಂಡೂರು ಕಡೆಯ ಚೋರನೂರಿನವರು. ಮದುವೆಯಲ್ಲಿ ಹಾಡು ಹೇಳಬೇಕಾಗಿದ್ದ ನಮ್ಮ ದೊಡ್ಡಮ್ಮನಿಗೆ ಅದೇ ವಾರ ಗಂಟಲು ಕಟ್ಟಿಬಿಟ್ಟಿತು. ಪುಣ್ಯಕ್ಕೆ ಅವಳ ಹಾಡುಗಳನ್ನೆಲ್ಲ ಹಿಂದಿನ ವರ್ಷವೇ ನಾನು ರೆಕಾರ್ಡ್ ಮಾಡಿಟ್ಟಿದ್ದೆ. ಆಗ ಒಂದು, ಎರಡು ಎಂದು ಇಂಗ್ಲಿಷಿನಲ್ಲಿ ಫೈಲಿನ ಹೆಸರು ಕೊಡಲು ಹೋದರೆ ಅವಳು ಬಿಟ್ಟಿರಲಿಲ್ಲ.

"ನಂಬರ್ ಹಚ್ಚಾಕ ನನ್ನ ಹಾಡೇನು ಬಸ್ಸೇನಲೇ? ಕನ್ನಡದಾಗ ಅದರ ಹೆಸರು ಬರಿ."

ಬರೆದಿದ್ದೆ. ಹೊಸಪೇಟೆಯ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಹಳೇ ಲ್ಯಾಪ್‌ಟಾಪನ್ನು ಮದುವೆಗೆಂದೇ ಅಳಿಸಿ, ಹೊಸದಾಗಿ ಲಿನಕ್ಸ್ ಹಾಕಿ, ಹಗುರವಾಗಿರಲಿ ಎಂದು ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಟರ್ಮಿನಲ್ ಕಿಟಕಿಯೊಂದನ್ನೇ ಉಳಿಸಿಕೊಂಡು, ಹಾಡುಗಳನ್ನು ಅದಕ್ಕೆ ತುಂಬಿಕೊಂಡಿದ್ದೆ. ಮೌಸ್ ಒತ್ತಿ ಫೋಲ್ಡರ್ ತೆರೆಯುವುದೆಲ್ಲ ಬೇರೆಯವರಿಗೆ, ನನಗಲ್ಲ ಎಂಬ ಸಣ್ಣ ಗರ್ವವೂ ಇತ್ತು.

ಕಲ್ಯಾಣ ಮಂಟಪದಲ್ಲಿ ಮೈಕ್‌ಸೆಟ್‌ನವನು ನನ್ನ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ ಉಪ್ಪಿಟ್ಟು ತಿನ್ನಲು ಹೋದ. ನಾನು ಹಾಡುಗಳ ಪಟ್ಟಿ ತೆಗೆದೆ. ಒಂದೇ ಒಂದು ಕನ್ನಡ ಅಕ್ಷರವಿಲ್ಲ! ಸಾಲು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ದೊಡ್ಡಮ್ಮ ಬಗ್ಗಿ ನೋಡಿದಳು.

"ಇದೇನ್ ಕೇಳಾಕ ಹತ್ತೇತಿ?"

"ಏನಿಲ್ಲ ದೊಡ್ಡಮ್ಮ, ಹೆಸರು ಕಾಣವಲ್ದು."

ಅಷ್ಟರಲ್ಲಿ ಹೊರಗೆ ಬೀಗರ ಬಸ್ಸಿನ ಹಾರನ್ನು. ಅಕ್ಕ ದೂರದಿಂದ "ಜಲ್ದಿ ಹಚ್ಚಲೇ" ಎಂದು ಕೈ ಬೀಸಿದಳು. ಬೀಗರನ್ನು ಎದುರುಗೊಳ್ಳುವ ಹಾಡಿನ ಹೆಸರು ಉದ್ದವಾಗಿತ್ತು ಎಂಬುದಷ್ಟೇ ನೆನಪಿತ್ತು. ಎಲ್ಲಕ್ಕಿಂತ ಉದ್ದನೆಯ ಪ್ರಶ್ನಾರ್ಥಕಗಳ ಸಾಲನ್ನು ಆರಿಸಿ ಹಚ್ಚಿದೆ.

ಅದು ಮಗಳನ್ನು ಬೀಗರಿಗೆ ಒಪ್ಪಿಸಿಕೊಡುವ ಹಾಡು. ತವರು ಬಿಟ್ಟು ಹೊರಟವಳ ದುಃಖ ನಾಲ್ಕೂ ಸ್ಪೀಕರುಗಳಿಂದ ಹರಿಯಿತು. ನಮ್ಮ ಹೆಂಗಸರು ಅಭ್ಯಾಸಬಲದಿಂದ ಸೆರಗು ಕಣ್ಣಿಗೆ ಒತ್ತಿಕೊಂಡರು. ಒಳಗೆ ಜಡೆ ಹೆಣೆಸಿಕೊಳ್ಳುತ್ತಿದ್ದ ಮದುಮಗಳು ಅರ್ಧ ಜಡೆಯಲ್ಲೇ ಅಳುತ್ತ ಓಡಿಬಂದಳು. ಬಾಗಿಲಲ್ಲಿ ಹಾರ ಹಾಕಿಸಿಕೊಂಡು ನಿಂತಿದ್ದ ವರನ ತಂದೆ ಗಾಬರಿಯಾದರು.

"ನಾವು ಈಗರ ಬಂದೀವ್ರಿ. ಇನ್ನಾ ಚಾ ಸೈತ ಕುಡದಿಲ್ಲ."

ನಾನು ಅವಸರದಲ್ಲಿ ಇನ್ನೊಂದು ಸಾಲು ಆರಿಸಿ ಹಚ್ಚಿದೆ. ಈ ಸಲ ಬೀಗರನ್ನು ಹಂಗಿಸುವ ಹಾಡು: ಹಂಡೆ ಹೋಳಿಗೆ ತಿಂದರೂ ಸಾಲದೆ ಬೀಗರು ಹಂಡೆಯನ್ನೇ ನೆಕ್ಕಿದ ಕಥೆ. ನಾನು ಹಾಡು ನಿಲ್ಲಿಸಿದೆ. ಅಕ್ಕ ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ.

ಆಗ ಬೀಗರ ಗುಂಪಿನಿಂದ ಒಬ್ಬ ಮುದುಕಿ, ವರನ ಅಜ್ಜಿ, ಚೀಲ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟು ಹಾಡತೊಡಗಿದಳು. ಕಂಪ್ಲಿಯವರು ಕಾಲುವೆ ನೀರಿಗೆ ಸಕ್ಕರೆ ಹಾಕಿ ಪಾಯಸವೆಂದು ಬಡಿಸುತ್ತಾರಂತೆ! ಚೋರನೂರಿನವರು ಹೋ ಎಂದು ನಕ್ಕರು. ಉತ್ತರ ಕೊಡಲಾಗದ ದೊಡ್ಡಮ್ಮ ನನ್ನ ಅಂಗಿ ಹಿಡಿದೆಳೆದು ಪಿಸುಗುಟ್ಟಿದಳು.

"ನನ್ನ ಗಂಟಲಂತೂ ಹೋತು. ನಿನ್ನ ಡಬ್ಬಿಗೇನ್ ಧಾಡಿ? ತೆಗೀಲೇ ನನ್ನ ಹಾಡು!"

ಬೈಗುಳಕ್ಕೋ ಏನೋ, ತಲೆ ಓಡಿತು. ಯಾವ ಭಾಷೆಯ ಅಕ್ಷರಗಳನ್ನು ನಿರೀಕ್ಷಿಸಬೇಕೆಂದು ಯಂತ್ರಕ್ಕೆ ಹೇಳುವ ಒಂದು ಸೆಟ್ಟಿಂಗ್ ಇರುತ್ತದೆ, ಲೊಕೇಲ್ ಎಂದು. ಹೊಸದಾಗಿ ಹಾಕುವಾಗ ಅದನ್ನು ನಾನು ಮುಟ್ಟಿರಲೇ ಇಲ್ಲ. ಹಾಗಾಗಿ ಅದಕ್ಕೆ ಇಂಗ್ಲಿಷ್ ಅಕ್ಷರಗಳಷ್ಟೇ ಗೊತ್ತು. ಉಳಿದುದಕ್ಕೆಲ್ಲ ಪ್ರಶ್ನಾರ್ಥಕ ಒತ್ತುತ್ತಿತ್ತು. ಹೆಸರುಗಳು ಡಿಸ್ಕಿನಲ್ಲಿ ಸುರಕ್ಷಿತವಾಗಿಯೇ ಇದ್ದವು, ತೋರಿಸಲು ಬರುತ್ತಿರಲಿಲ್ಲ ಅಷ್ಟೆ. ಲೊಕೇಲನ್ನು ಎಲ್ಲ ಭಾಷೆಯ ಅಕ್ಷರಗಳನ್ನೂ ಬಲ್ಲ ಯುಟಿಎಫ್-8ಕ್ಕೆ ಬದಲಿಸಿ ಪಟ್ಟಿ ಮತ್ತೆ ತೆಗೆದೆ. ಕನ್ನಡ ಬಂತು! ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿದ್ದವು, ಆದರೂ ಓದಬಹುದಿತ್ತು.

ದೊಡ್ಡಮ್ಮ ಪರದೆಯ ಮೇಲೆ ಬೆರಳಾಡಿಸಿ, ಒಂದು ಕಡೆ ಒತ್ತಿ ಹಿಡಿದಳು. "ಇದು."

ಅಲ್ಲಿಂದ ಶುರುವಾದ ಹಾಡಿನ ಜಗಳ ಟಿಫಿನ್ ಆರುವವರೆಗೂ ನಡೆಯಿತು. ಒಂದು ಕಡೆ ಜೀವಂತ ಅಜ್ಜಿ, ಇನ್ನೊಂದು ಕಡೆ ನನ್ನ ಲ್ಯಾಪ್‌ಟಾಪು, ಮಧ್ಯದಲ್ಲಿ ಅರ್ಧ ಜಡೆಯ ಮದುಮಗಳು ನಗುತ್ತ ನಿಂತಿದ್ದಳು. ಪುರೋಹಿತರು ಮುಹೂರ್ತದ ನೆನಪು ಮಾಡಿದ ಮೇಲೆಯೇ ನಿಂತದ್ದು.

ಊಟದ ಪಂಕ್ತಿಯಲ್ಲಿ ಅಜ್ಜಿ ದೊಡ್ಡಮ್ಮನ ಪಕ್ಕದಲ್ಲೇ ಕುಳಿತು ನನ್ನನ್ನು ಕರೆದಳು.

"ನಮ್ಮೂರಿಗೂ ಬಾರಪ್ಪ. ನನ್ನವೂ ಭಾಳ ಅದಾವ, ತುಂಬಿಕ್ಯಂಡು ಹೋಗು."

ನಾನು ಹೂಂ ಎನ್ನುವ ಮೊದಲೇ ದೊಡ್ಡಮ್ಮ ಒಡಕು ದನಿಯಲ್ಲಿ ಹೇಳಿದಳು: "ಹೋಗು. ಆದರ ಆ ಪಾಯಸದ ಹಾಡು ಮಾತ್ರ ತುಂಬಬ್ಯಾಡ."