ಅರ್ಧ ಪಾದ್ರಿ ಮತ್ತು ತಪ್ಪಿಹೋದ ಪೆನಾಲ್ಟಿ

ರೋಮಿನ ಸೆಮಿನರಿಯಲ್ಲಿ ವರ್ಷಗಟ್ಟಲೆ ಓದಿದರೂ ನನಗೆ ಇಟಾಲಿಯನ್ ಭಾಷೆಯ ಒಂದು ಬೈಗುಳವೂ ಬರುತ್ತಿರಲಿಲ್ಲ. ಅವನ್ನೆಲ್ಲ ಕಲಿತದ್ದು ಕುವೈತಿನಲ್ಲಿ, ಧೂಳು ಮೂಗಿಗೆ ಅಡರುತ್ತಿದ್ದ ಒಂದು ಸಂಜೆ, ಫುಟ್‌ಬಾಲ್ ಮೈದಾನದ ಬದಿಯಲ್ಲಿ ನಿಂತು. ಐವತ್ತು ದಾಟಿದ ಇಟಾಲಿಯನ್ ಕೋಚ್ ಒಬ್ಬ ನನ್ನ ಕಿವಿಯ ಪಕ್ಕದಲ್ಲೇ ಗಂಟಲು ಹರಿಯುವಂತೆ ಕಿರುಚಿ, ಆಮೇಲೆ ನನ್ನ ಕಡೆ ತಿರುಗಿ, “ಹೂಂ, ಹೇಳು ಅವರಿಗೆ” ಅಂದ. ಆಟಗಾರರೆಲ್ಲ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದರು. ಅವನು ಅವರ ಅಪ್ಪ, ಅಜ್ಜ, ಕಾಲು, ತಲೆ ಯಾವುದನ್ನೂ ಬಿಟ್ಟಿರಲಿಲ್ಲ. ನಾನು ಅರ್ಧ ಅರಬ್ಬಿ, ಅರ್ಧ ಇಂಗ್ಲಿಷಿನಲ್ಲಿ, “ದಯವಿಟ್ಟು ಬಾಲನ್ನು ಸ್ವಲ್ಪ ಬೇಗ ಪಾಸ್ ಮಾಡಬೇಕಂತೆ” ಅಂದೆ. ಅಷ್ಟು ಹೊತ್ತು ಕಿರುಚಿದ್ದಕ್ಕೆ ಇಷ್ಟೇನಾ ಎಂದು ಅವರಿಗೆ ನಗು ತಡೆಯಲಾಗಲಿಲ್ಲ.

ನಾನು ಈ ಪಾಡಿಗೆ ಬಿದ್ದದ್ದು ಹೀಗೆ. ನಮ್ಮದು ಬೆಳ್ತಂಗಡಿ ಕಡೆಯ ಕೊಂಕಣಿ ಮಾತಾಡುವ ಮನೆ. ಪಾದ್ರಿಯಾಗಲೆಂದು ರೋಮಿಗೆ ಹೋದವನು, ಇದು ನನ್ನಿಂದ ಆಗುವ ಕೆಲಸವಲ್ಲ ಎಂದು ಗೊತ್ತಾಗಿ ಬಿಟ್ಟು ಬಂದೆ. ಇಗರ್ಜಿಯ ಮೆಟ್ಟಿಲ ಮೇಲೆ ಊರಿನವರು ನನಗೆ ‘ಅರ್ಧ ಪಾದ್ರಿ’ ಎಂದು ಹೆಸರಿಟ್ಟರು. ಅದನ್ನು ಕೇಳಲಾರದೆ ಕುವೈತಿಗೆ ಬಂದು ಅಕೌಂಟೆಂಟ್ ಆದೆ, ಮದುವೆಯಾದೆ, ಸಾಲ್ಮಿಯಾದಲ್ಲಿ ಬಾಡಿಗೆ ಫ್ಲಾಟ್ ಹಿಡಿದೆ. ಕಂಪನಿ ಬಾಗಿಲು ಹಾಕಿದಾಗ ಹೊಸ ಕಫೀಲ್ ಬೇಕಾಯಿತು. ಇಲ್ಲಿ ಕೆಲಸ ಕೊಟ್ಟು ನಮ್ಮ ಜವಾಬ್ದಾರಿ ಹೊರುವವನೇ ಕಫೀಲ್. ಅವನಿಲ್ಲದೆ ಇಕಾಮಾ ಇಲ್ಲ, ಇಕಾಮಾ ಇಲ್ಲದೆ ಈ ದೇಶದಲ್ಲಿ ಇರುವ ಹಾಗಿಲ್ಲ. ಅದೇ ಹೊತ್ತಿಗೆ ಸಣ್ಣದೊಂದು ಫುಟ್‌ಬಾಲ್ ಕ್ಲಬ್ಬಿಗೆ ಇಟಾಲಿಯನ್ ಬಲ್ಲವನು ಬೇಕಾಗಿದ್ದ. ಆಫ್‌ಸೈಡ್ ಎಂದರೇನೆಂದು ತಿಳಿಯದ ನಾನು ದುಭಾಷಿಯಾದೆ. ಕೋಚ್ ಇರುವವರೆಗೆ ನನ್ನ ಕೆಲಸ. ಮಗಳು ಶೆರಿಲ್‌ಗೆ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಹತ್ತಿರ ಬರುತ್ತಿತ್ತು. ಯಾರೋ ಗೋಲು ಹೊಡೆದರೆ ಮಾತ್ರ ನನ್ನ ಮಗಳು ಪರೀಕ್ಷೆ ಬರೆಯುತ್ತಾಳೆ ಎನ್ನುವುದು ಎಂಥ ನ್ಯಾಯ ಎಂದು ನನಗೆ ತಲೆ ಕೆಟ್ಟು ಹೋಗುತ್ತಿತ್ತು.

ಕೋಚ್ ದಾರಿಯೊಗೆ ಯಾವುದೂ ಸರಿಹೋಗುತ್ತಿರಲಿಲ್ಲ. ಅವರ ದೇಶದಲ್ಲಿ ಕೋಚನ್ನು ‘ಮಿಸ್ಟರ್’ ಅನ್ನುತ್ತಾರಂತೆ. ಇಲ್ಲಿ ಮೈದಾನಕ್ಕೆ ಕಾಲಿಟ್ಟವರೆಲ್ಲ ‘ಕಾಪ್ತನ್’. ಅಲ್ಲಿ ಬೆಳಿಗ್ಗೆ ಅಭ್ಯಾಸ. ಇಲ್ಲಿ ಆಟಗಾರರಿಗೆ ಬೆಳಿಗ್ಗೆ ಸರ್ಕಾರಿ ಆಫೀಸು. ಇದಕ್ಕೆಲ್ಲ ನಾನೇ ಕಾರಣ ಎಂಬಂತೆ ಅವನು ನನ್ನ ಮೇಲೆ ಹಾರಾಡುತ್ತಿದ್ದ. ಶುಕ್ರವಾರ ನಮ್ಮಲ್ಲಿ ಊಟಕ್ಕೆ ಬಂದರೆ ಹೆಂಡತಿ ಐರಿನ್ ಮಾಡಿದ ಮೀನು ಸಾರನ್ನು ‘ಸಾನ್ನಾ’ ಎಂಬ ನಮ್ಮ ಕಡೆಯ ಇಡ್ಲಿಯ ಜೊತೆ ಬಾಚಿ ಬಾಚಿ ತಿನ್ನುತ್ತಿದ್ದ. ಶೆರಿಲ್ ಪಾಸ್ತಾಕ್ಕೆ ಕೆಚಪ್ ಸುರಿದುಕೊಂಡದ್ದನ್ನು ಕಂಡ ದಿನ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಅವನಿಗೆ ಕಾರು ಓಡಿಸುವವನೂ ನಾನೇ. ಗಲ್ಫ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ಅವನ ಕತೆ ಶುರುವಾಗುತ್ತಿತ್ತು. ಬಂದರಿನ ಸಣ್ಣ ಊರು, ಮೀನುಗಾರ ಅಪ್ಪ. ಹದಿಹರೆಯದಲ್ಲೇ ಊರಿನ ತಂಡದ ಸ್ಟ್ರೈಕರ್, ರಾಶಿ ರಾಶಿ ಗೋಲುಗಳು. ತಂಡ ಮೇಲಿನ ದರ್ಜೆಗೆ ಏರಬೇಕಾದ ಕಡೇ ಪಂದ್ಯದ ಕಡೇ ಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತು. ಇವನು ಹೊಡೆದ ಬಾಲ್ ಎಡಗಂಬಕ್ಕೆ ಬಡಿದು ಹೊರಗೆ ಹೋಯಿತು. ಆಮೇಲೆ ಎಷ್ಟೋ ತಂಡಗಳಿಗೆ ಆಡಿದ, ಮಂಡಿ ಕೆಟ್ಟ ಮೇಲೆ ಕೋಚ್ ಆಗಿ ದೇಶದಿಂದ ದೇಶಕ್ಕೆ ತಿರುಗಿದ. ಊರಿನವರಿಗೆ ನೆನಪಿದ್ದದ್ದು ಆ ಒಂದು ಪೆನಾಲ್ಟಿ ಮಾತ್ರ.

“ಇಲ್ಲಿ ಯಾರಿಗೂ ಅದು ಗೊತ್ತಿಲ್ಲ, ಪಾದ್ರೆ. ಅದಕ್ಕೇ ಈ ಧೂಳನ್ನು ಸಹಿಸಿಕೊಂಡಿದ್ದೇನೆ” ಎಂದ.

ನನ್ನ ಸೆಮಿನರಿ ಕತೆ ತಿಳಿದ ದಿನದಿಂದ ಅವನು ನನ್ನನ್ನು ತನ್ನ ಭಾಷೆಯಲ್ಲಿ ಪಾದ್ರೆ ಎಂದೇ ಕರೆಯುತ್ತಿದ್ದ. ಆಟಗಾರರೂ ಅದನ್ನೇ ಕಲಿತರು. ಮರೆತುಹೋಗಲಿ ಎಂದು ಕಡಲು ದಾಟಿ ಬಂದರೆ, ಆ ಹೆಸರು ಇಟಲಿಯಿಂದ ಸುತ್ತು ಹಾಕಿಕೊಂಡು ಬಂದು ನನ್ನನ್ನು ಹಿಡಿಯಿತು. ಸಾಲದ್ದಕ್ಕೆ ಇಲ್ಲಿಯ ರಜಾದಿನವಾದ ಶುಕ್ರವಾರ ಇಗರ್ಜಿಗೆ ಪೂಜೆಗೆ ಹೋದರೆ ಅಲ್ಲಿ ವಯಸ್ಸಾದ ಕಾರ್ಮಿನ್ ಬಾಯಿ. ನಮ್ಮ ಊರಿನ ಇಗರ್ಜಿಯವರೇ, ಜಾಬ್ರಿಯಾದಲ್ಲಿ ನರ್ಸ್ ಆಗಿರುವ ಮಗಳ ಜೊತೆ ಇರುವವರು. ಇಡೀ ಗುಂಪಿಗೆ ಕೇಳುವಂತೆ, “ಎಂತ ಅರ್ಧ ಪಾದ್ರಿ, ಸೌಖ್ಯವಾ?” ಎಂದು ಕೂಗುತ್ತಿದ್ದರು. ದಾರಿಯೊನ ಅದೃಷ್ಟ ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು.

ನಮ್ಮ ತಂಡ ಸೋಲುತ್ತಲೇ ಹೋಯಿತು. ಮನೆಗೆ ಬಂದರೆ ಐರಿನ್, “ಇವತ್ತಾದ್ರೂ ಗೆದ್ದಿರಾ ಮಾರ್ರೆ?” ಎಂದು ಬಾಗಿಲಲ್ಲೇ ಕೇಳುತ್ತಿದ್ದಳು. “ಡ್ಯಾಡ್, ಇಟ್ಸ್ ಜಸ್ಟ್ ಅ ಗೇಮ್” ಎಂದು ಶೆರಿಲ್ ಪುಸ್ತಕದಿಂದ ತಲೆ ಎತ್ತದೆ ಹೇಳುತ್ತಿದ್ದಳು. ಅವಳಿಗೆ ಏನೆಂದು ಬಿಡಿಸಿ ಹೇಳುವುದು!

ಕೊನೆಗೆ ಕ್ಲಬ್ಬಿನ ಮ್ಯಾನೇಜರ್ ಅಬು ಫಹದ್ ನಮ್ಮಿಬ್ಬರನ್ನೂ ತಮ್ಮ ದಿವಾನಿಯಾಕ್ಕೆ ಕರೆಸಿದರು. ಮನೆಯಲ್ಲಿ ಗಂಡಸರು ಅತಿಥಿಗಳ ಜೊತೆ ಕೂರುವ ಹಜಾರ ಅದು. ಏಲಕ್ಕಿ ಹಾಕಿದ ತೆಳು ಕಾಫಿ, ಗಹ್ವಾ, ಬಂತು. ಇಲ್ಲಿಯವರ ಮರ್ಯಾದೆ ಒಂದುಂಟು: ಸಾಕಾದರೆ ಪುಟ್ಟ ಕಪ್ಪನ್ನು ಕೈಯಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ದಾರಿಯೊಗೆ ಅದು ಗೊತ್ತಿಲ್ಲ. ಕೊಟ್ಟದ್ದನ್ನು ಉಳಿಸಬಾರದು ಎನ್ನುವುದು ಅವನ ಅಮ್ಮ ಕಲಿಸಿದ್ದು. ಇವನು ಖಾಲಿ ಮಾಡುತ್ತಾನೆ, ಆಳು ತುಂಬಿಸುತ್ತಾನೆ. ಅತಿಥಿ ಇನ್ನೂ ಕುಡಿಯುತ್ತಿರುವಾಗ ಕೆಟ್ಟ ಸುದ್ದಿ ಹೇಳುವುದು ಹೇಗೆಂದು ಅಬು ಫಹದ್ ಹವಾಮಾನದ ಮಾತಾಡುತ್ತ ಕೂತರು. ನನಗೆ ಎಲ್ಲ ಅರ್ಥವಾಗುತ್ತಿತ್ತು. ಕುಡಿಯಲಿ, ಪರೀಕ್ಷೆ ಮುಗಿಯುವವರೆಗೂ ಕುಡಿಯಲಿ ಎಂದು ನಾನೂ ಸುಮ್ಮನಿದ್ದೆ.

“ಪಾದ್ರೆ, ಇವನು ಯಾಕೆ ನಿಲ್ಲಿಸುತ್ತಿಲ್ಲ? ನನ್ನ ಎದೆ ಹೊಡೆದುಕೊಳ್ಳುತ್ತಿದೆ” ಎಂದು ದಾರಿಯೊ ನರಳಿದ. ಅವನ ಮುಖ ನೋಡಲಾಗಲಿಲ್ಲ. “ಕಪ್ ಅಲ್ಲಾಡಿಸು” ಅಂದೆ. ಅಲ್ಲಾಡಿಸಿದ.

“ಖಲಾಸ್, ಕಾಪ್ತನ್” ಎಂದರು ಅಬು ಫಹದ್. “ತುಂಬಾ ಥ್ಯಾಂಕ್ಸ್. ಇವನದೂ ಇಲ್ಲಿಗೆ ಮುಗಿಯಿತು.”

ನಾನು ಬಾಯಿ ತೆರೆಯುವ ಮೊದಲೇ ದಾರಿಯೊ ಕೈ ಎತ್ತಿ ತಡೆದ. “ಬೇಡ. ಈ ಮಾತು ನನಗೆ ಎಲ್ಲ ಭಾಷೆಯಲ್ಲೂ ಗೊತ್ತು. ನಿನ್ನ ಬಗ್ಗೆ ಏನೆಂದರು?” ಹೇಳಿದೆ. ಅವನು ಎದ್ದು ನಿಂತು, ಮೈದಾನದಲ್ಲಿ ಕಿರುಚುವ ಹಾಗೆಯೇ ಕಿರುಚಿದ. ನಾನು ರೂಢಿಯಂತೆ ತಲೆ ತಗ್ಗಿಸಿ, “ಕೋಚ್ ಶುಕ್ರನ್ ಹೇಳ್ತಾರೆ” ಎಂದು ಅರಬ್ಬಿಯಲ್ಲಿ ಥ್ಯಾಂಕ್ಸ್ ದಾಟಿಸಿದೆ.

“ಶುಕ್ರನ್ ಅಂತೆ!” ದಾರಿಯೊ ನನ್ನ ಕಡೆ ತಿರುಗಿದ. “ನೀನು ನನ್ನ ಮಾತಿಗೆಲ್ಲ ಸಕ್ಕರೆ ಹಾಕುವುದು ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ಇವತ್ತೊಂದು ದಿನ ನಾನು ಹೇಳಿದ ಹಾಗೇ ಹೇಳು.”

ನನ್ನ ಪರವಾಗಿ ಅವನು ಆಡಿದ್ದನ್ನು ನಾನೇ ಹೇಳುವುದು, ನನಗಾಗಿ ನಾನೇ ಬೇಡುವುದಕ್ಕಿಂತ ಕಷ್ಟ. ಆದರೂ ಹೇಳಿದೆ. “ಸೋತದ್ದು ನಾನು, ಇವನಲ್ಲ. ಇವನ ಮಗಳು ಪರೀಕ್ಷೆಗೆ ಕೂರುವ ಮೊದಲು ಇವನನ್ನು ಓಡಿಸಿದರೆ ನಿಮಗೆ ನಾಚಿಕೆಯಾಗಬೇಕು. ಹಾಗೆಂದು ಕೋಚ್ ಹೇಳುತ್ತಾರೆ.”

ಅಬು ಫಹದ್ ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. “ಇಷ್ಟು ದಿನ ಈ ಬಾಯಿ ಎಲ್ಲಿತ್ತು ಭಾಯಿ?” ಎಂದು ನಕ್ಕುಬಿಟ್ಟರು. “ಇಕಾಮಾ ಇರಲಿ. ನಾಳೆಯಿಂದ ಕ್ಲಬ್ಬಿನ ಸ್ಟೋರ್‌ರೂಮಿಗೆ ಹೋಗು. ಯಲ್ಲಾ, ಹೊರಡು.”

ಈಗ ನಾನು ಬೂಟು, ಬಾಲು, ಜೆರ್ಸಿಗಳ ನಡುವೆ ಕೂರುತ್ತೇನೆ. ಶೆರಿಲ್ ಪರೀಕ್ಷೆ ಮುಗಿಸಿದಳು. ಬೇರೆ ಭಾಷೆಯ ಹೊಸ ಕೋಚ್ ಬಂದಿದ್ದಾನೆ. ಅವನು ಯಾರನ್ನು ಬೈಯುತ್ತಾನೋ ನನಗೆ ತಿಳಿಯುವುದಿಲ್ಲ, ತಿಳಿಯುವುದೂ ಬೇಡ. ನನ್ನನ್ನು ಪಾದ್ರೆ ಎನ್ನುತ್ತಿದ್ದ ಆಟಗಾರರೂ ಬೇರೆ ಬೇರೆ ಕ್ಲಬ್ಬಿಗೆ ಹೋದರು.

ಮೊನ್ನೆ ದಾರಿಯೊ ತನ್ನ ಊರಿನಿಂದ ಫೋನ್ ಮಾಡಿದ್ದ. ಕಾಫಿ ಕುಡಿಯಲು ಹೋಗಿದ್ದನಂತೆ. ಕಪ್ ಮೇಜಿಗೆ ಬರುವ ಮೊದಲೇ ಒಬ್ಬ ಮುದುಕ, “ಆ ಪೆನಾಲ್ಟಿಯನ್ನು ಎಡಕ್ಕೆ ಯಾಕೆ ಹೊಡೆದೆ?” ಎಂದು ಕೇಳಿದನಂತೆ.

“ಬೇಜಾರಾಯಿತಾ?” ಅಂದೆ.

“ಮನೆಗೆ ಬಂದೆ ಅನ್ನಿಸಿತು, ಪಾದ್ರೆ” ಎಂದ. ಆಮೇಲೆ, “ಅಲ್ಲಿ ಈಗ ಧೂಳು ಎದ್ದಿದೆಯಾ?” ಎಂದು ಕೇಳಿದ.

ಆ ಶುಕ್ರವಾರ ಪೂಜೆ ಮುಗಿದ ಮೇಲೆ ಕಾರ್ಮಿನ್ ಬಾಯಿಯನ್ನು ಜಾಬ್ರಿಯಾಕ್ಕೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಕಾರು ಹತ್ತಿದವರೇ, “ಅರ್ಧ ಪಾದ್ರಿ, ಊರಿಗೆ ಯಾವಾಗ?” ಎಂದರು. ನನಗೆ ರೇಗಿಹೋಯಿತು. “ಯಾಕೆ ಹೋಗ್ಲಿಕ್ಕೆ ಬಾಯಿ, ಅಲ್ಲಿ ಹೋಗಿ ಇದೇ ಹೆಸರು ಕೇಳ್ಲಿಕ್ಕಾ?”

“ಅಲ್ಲಿ ಯಾರಿದ್ದಾರೆ ಮಾರಾಯ, ಹಾಗೆ ಕರೀಲಿಕ್ಕೆ?” ಎಂದರು ಅವರು. “ನಿನ್ನ ವಯಸ್ಸಿನವರೆಲ್ಲ ಪರದೇಶದಲ್ಲಿ. ಹಿರಿಯರು ಹೋದರು. ಈಗಿನವರಿಗೆ ನೀನು ಯಾರಂತಲೇ ಗೊತ್ತಿಲ್ಲ. ಉಳಿದವಳು ನಾನೊಬ್ಬಳು, ನಾನೂ ಇಲ್ಲಿದ್ದೇನೆ.”

ಅವರ ಕಟ್ಟಡ ಬಂತು. ಇಳಿದು, ಸೆರಗು ಸರಿಮಾಡಿಕೊಂಡು, ತಿರುಗಿ ನೋಡದೆ ಒಳಗೆ ನಡೆದರು. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಿದ್ದರೂ ನಾನು ಗಾಜು ಇಳಿಸಿಕೊಂಡು ಅಲ್ಲೇ ಕಾದೆ, ಕಣ್ಮರೆಯಾಗುವ ಮೊದಲು ಇನ್ನೊಮ್ಮೆ ಆ ಹೆಸರು ಹಿಡಿದು ಕೂಗುತ್ತಾರೇನೋ ಎಂದು.