ಕೆಂಪು ಬೆಳಕು, ಬಿಗಿಹಿಡಿದ ಉಸಿರು

ನ್ಯುಮೋನಿಯಾ ಹೋಗಿದ್ದರೂ ಅದರ ಉರಿಯೂತ ನಮ್ಮ ಯಜಮಾನರ ಶ್ವಾಸಕೋಶವನ್ನು ಬಿಟ್ಟಿರಲಿಲ್ಲ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಆಕ್ಸಿಜನ್ ತೊಂಬತ್ತರ ಕೆಳಗಿಳಿದರೆ ಮತ್ತೆ ಅಡ್ಮಿಟ್ ಮಾಡಬೇಕು ಎಂದು ಡಾಕ್ಟರು ಹೇಳಿದಂದಿನಿಂದ, ಅವರ ಬೆರಳಿಗೆ ಆಕ್ಸಿಮೀಟರಿನ ಕ್ಲಿಪ್ ಸಿಕ್ಕಿಸಿ ಅವರ ಮುಖಕ್ಕಿಂತ ಹೆಚ್ಚಾಗಿ ಅದನ್ನೇ ನೋಡುತ್ತಿದ್ದೆ. ಊಟದ ನಡುವೆಯೂ ಬೆರಳು ಕೊಡಿ ಎನ್ನುತ್ತಿದ್ದೆ. ಹೆದರಿಕೆಯಾದರೆ ನನ್ನ ಬಾಯಿ ಜೋರಾಗುತ್ತದೆ.

ಔಷಧಿಯ ಜೊತೆ ಲೇಸರ್ ಬೆಳಕನ್ನೂ ಕೊಟ್ಟು ನೋಡೋಣ ಎಂದವರು ಅದೇ ಡಾಕ್ಟರು. ಕಡಿಮೆ ಶಕ್ತಿಯದು, ಸುಡುವುದಿಲ್ಲ, ಆದರೆ ಉರಿಯೂತ ಇಳಿದೇ ಇಳಿಯುತ್ತದೆಂದು ಖಾತ್ರಿ ಕೊಡಲಾರೆ ಎಂದರು. ಖಾತ್ರಿ ಇಲ್ಲದ್ದನ್ನು ಯಾಕಾದರೂ ಹೇಳುತ್ತಾರೋ ಎಂದು ಸಿಟ್ಟು ಬಂತು. ಆದರೂ ಬಾಲಾನಗರದಿಂದ ಆಟೋ ಹಿಡಿದು ನಾರಾಯಣಗೂಡದ ಕ್ಲಿನಿಕ್ಕಿಗೆ ಹೋದೆವು.

ಫಿಸಿಯೋಥೆರಪಿ ಹುಡುಗಿ ಅವರ ಅಂಗಿ ಬಿಚ್ಚಿಸಿ ಸ್ಟೂಲಿನ ಮೇಲೆ ಕೂರಿಸಿದಳು. ಮೂವರೂ ಹಸಿರು ಕನ್ನಡಕ ಹಾಕಿಕೊಂಡೆವು. ಆಕೆ ಕೆಂಪು ಬೆಳಕಿನ ಕೊಳವೆಯನ್ನು ಬೆನ್ನಿಗೆ ಒತ್ತಿ ಹಿಡಿದಳು. ನಾನು ಬೆರಳಿನ ಕ್ಲಿಪ್ಪಿನಲ್ಲಿ ಅಂಕಿ ನೋಡುತ್ತಿದ್ದೆ. ತೊಂಬತ್ನಾಲ್ಕು. ತೊಂಬತ್ತೊಂದು. ಎಂಬತ್ತೆಂಟು.

"ನಿಲ್ಲಸು, ತಗಿ ಅದನ್ನ," ಎಂದೆ. ಗಾಬರಿಯಲ್ಲಿ ಈ ಊರಿನ ತೆಲುಗು, ಹಿಂದಿ ಎಲ್ಲ ಮರೆತು ಕನ್ನಡವೇ ಬಾಯಿಗೆ ಬಂದಿತ್ತು. ಆಕೆ ಕೊಳವೆ ತೆಗೆದು ಅವರ ಮುಂದೆ ಬಂದು ನೋಡಿದಳು. ಅಂಕಲ್ ಉಸಿರೇ ಆಡುತ್ತಿಲ್ಲ, ಬೇಕೆಂದೇ ಹಿಡಿದುಕೊಂಡಿದ್ದಾರೆ ಎಂದು ಹಿಂದಿಯಲ್ಲಿ ಹೇಳಿದಳು.

"ಯಾಕ, ಜೀವ ಬ್ಯಾಡಾಗೈತೇನ್ರಿ ನಿಮಗ?" ಎಂದು ಬೈದೆ.

ಮೂವತ್ತು ವರ್ಷ ಕಾರ್ಖಾನೆಯಲ್ಲಿ ಅವರದು ಅಳತೆ ತಪಾಸಣೆಯ ಕೆಲಸ. ಕೂದಲೆಳೆಗಿಂತ ಸಣ್ಣ ಅಳತೆ ತೆಗೆಯುವಾಗ ಉಸಿರಾಡಿದರೂ ಕೈ ಅಲುಗುತ್ತದೆಂದು ಉಸಿರು ಹಿಡಿಯುವುದು ಅಲ್ಲಿಯವರ ರೂಢಿ. ಇಲ್ಲೂ ಅದನ್ನೇ ಮಾಡಿದ್ದರು.

ಸ್ವಲ್ಪ ಸುಧಾರಿಸಿಕೊಂಡು ಮೆಲ್ಲಗೆ ಹೇಳಿದರು: "ಅಲುಗಾಡಿದ್ರ ರೀಡಿಂಗ್ ತಪ್ಪತೈತಿ. ತಪ್ಪು ನಂಬರ್ ನೋಡಿ ನೀ ಭಾಳ ಅಂಜತಿ. ಮನ್ಯಾಗೂ ನೀ ಕ್ಲಿಪ್ ಹಾಕಿದಾಗೆಲ್ಲ ಹಿಂಗ ಹಿಡಿತಿದ್ದೆ."

ದಿನಕ್ಕೆ ಎಷ್ಟು ಸಲ ಹಾಕುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಅಳು ಬಂತು. ಮತ್ತೆ ಶುರು ಮಾಡಲೇ ಎಂದು ಹುಡುಗಿ ಕೇಳಿದಳು. ಹೂಂ, ಅಂಕಿಯನ್ನು ನೀನೇ ನೋಡಿಕೋ ಎಂದು ಅವಳಿಗೆ ಹೇಳಿ ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಒಳಗೆ ಅವರು ಕೆಮ್ಮಿದ್ದು ಕೇಳಿಸಿತು. ಎದ್ದು ಹೋಗಲಿಲ್ಲ.