ಅರ್ಧ ಸುತ್ತು

ರೀ, ನಿಮ್ಮ ಕೈ ಕೆಟ್ಟಿರಲಿಲ್ಲ. ಗಾಡಿ ಸ್ಟಾರ್ಟ್ ಆಗದ ಹಾಗೆ ಮಾಡುತ್ತಿದ್ದವಳು ನಾನು — ನಿಮ್ಮ ಹೆಂಡತಿ. ನೀವು ಹೋಗಿ ಎರಡು ವರ್ಷವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬಾಯಿಗೆ ಬೀಗವಿಲ್ಲದವಳು ಅಂತ ಕೆ.ಆರ್. ಪುರದ ತವರಿನಲ್ಲೆಲ್ಲ ಹೆಸರಾದವಳ ಬಾಯಿಂದ ಈ ಒಂದು ಮಾತು ಮಾತ್ರ ಬರಲಿಲ್ಲ.

ನಿಮ್ಮಪ್ಪನ ಕಾಲದ ಮೋಟಾರ್ ಸೈಕಲ್ ಅದು. ದಿನಾ ಬೆಳಿಗ್ಗೆ ಹಲಸೂರು ಮಾರ್ಕೆಟ್ಟಿಗೆ ಸೊಪ್ಪು ತರಲು ಹೊರಡುವಾಗ ವಿಮಾನಪುರದ ನಮ್ಮ ಬೀದಿಯೆಲ್ಲ ಅದರ ಸದ್ದಿಗೇ ಏಳುತ್ತಿತ್ತು. ಕಿಕ್ಕನ್ನು ಮೆಲ್ಲಗೆ ಒತ್ತಿ, ಬ್ಯಾಟರಿ ಮೀಟರಿನ ಮುಳ್ಳು ನಡುವಿಗೆ ಬರುವ ತನಕ ಕಾದು, ಆಮೇಲೆ ಒಂದೇ ಒದೆ. ಎರಡನೇ ಸಲ ಒದ್ದದ್ದನ್ನು ನಾನು ಕಂಡಿರಲಿಲ್ಲ. "ಇದಕ್ಕೆ ಬಲ ಬೇಡ ಕಣೇ, ಗಮನ ಬೇಕು" ಅನ್ನುತ್ತಿದ್ದಿರಿ. ಭಾನುವಾರ ನನ್ನ ಕೈಗೆ ಟಾರ್ಚ್ ಕೊಟ್ಟು, ಮುಚ್ಚಳ ತೆಗೆದು ಪಾಯಿಂಟ್ ತೋರಿಸುತ್ತಿದ್ದಿರಿ — ಎರಡು ಪುಟ್ಟ ತುಂಡು, ಅವು ತೆರೆದು ಮುಚ್ಚಿದರೇ ಕಿಡಿ. ನಡುವೆ ಮೂರ್ನಾಲ್ಕು ಬ್ಲೇಡಿನಷ್ಟು ಸಂದು. ಆ ಸಂದನ್ನು ಹಿಡಿದಿಡುವುದು ಒಂದು ಸ್ಕ್ರೂ. ಅದು ಬಿಗಿಯಾಗಿದ್ದರೆ ಗಾಡಿ ಎಂದೂ ಕೈಕೊಡಲ್ಲ ಅಂತ ಹೇಳಿಕೊಟ್ಟವರು ನೀವೇ.

ಆಮೇಲೆ ಸಕ್ಕರೆ ಕಾಯಿಲೆಯಿಂದ ನಿಮ್ಮ ಎಡಗಣ್ಣು ಮಂಜಾಯಿತು. ಹಲಸೂರಿನ ಹತ್ತಿರ ಬಸ್ಸೊಂದು ಹ್ಯಾಂಡಲ್ಲಿಗೆ ತಾಗಿ, ಮಂಡಿಯೆಲ್ಲ ಕಿತ್ತುಕೊಂಡು ಬಂದಿರಿ. ಸಾಕು ಬಿಡ್ರೀ ಅಂದೆ, ಜಗಳವಾಡಿದೆ, ಎರಡು ದಿನ ಮಾತು ಬಿಟ್ಟೆ. ನೀವು ನಕ್ಕುಬಿಟ್ಟಿರಿ. ಸರಿ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತ ಯೋಚನೆ ಮಾಡಿದೆ. ನೀವು ಮಧ್ಯಾಹ್ನ ಮಲಗಿದ್ದಾಗ ಹೋಗಿ ಆ ಸ್ಕ್ರೂವನ್ನು ಅರ್ಧ ಸುತ್ತು ಸಡಿಲ ಮಾಡಿದೆ, ಬೆರಳಿನಿಂದ ಸಂದು ಮುಚ್ಚಿದೆ.

ಮಾರನೇ ಬೆಳಿಗ್ಗೆ ಒದ್ದಿರಿ, ಒದ್ದಿರಿ... ನನಗೆ ಒಳಗೊಳಗೇ ಸಂತೋಷವಾಯಿತು. ನಿಮಗೇನಾದರೂ ಆದೀತು ಅನ್ನುವ ಭಯಕ್ಕೆ ಮಾತ್ರ ಹೀಗೆ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಮನೆಗೆ ಮಾರಿ ಊರಿಗೆ ಉಪಕಾರಿ, ಬೀದಿಯವರ ಮಿಕ್ಸಿ ರಿಪೇರಿಗೆಲ್ಲ ಸಮಯವಿತ್ತು, ನನ್ನ ಮಾತಿಗೆ ಇರಲಿಲ್ಲ — ಆ ಸಿಟ್ಟೂ ಇತ್ತು.

ಆದರೆ ನೀವು ಅರ್ಧ ಗಂಟೆಯಲ್ಲೇ ತಪ್ಪು ಹಿಡಿದಿರಿ. ನಾನು ಅದನ್ನು ಯೋಚಿಸಿರಲಿಲ್ಲ. ಗಾಡಿ ಹಳೆಯದಾಯಿತು ಅಂತ ಬೇಸರಪಟ್ಟು ಬಿಟ್ಟುಬಿಡುತ್ತೀರಿ ಅಂದುಕೊಂಡಿದ್ದೆ. ನೀವು ಸ್ಕ್ರೂ ನೋಡಿ, "ನಾನೇ ಬಿಗಿ ಮಾಡಿರಲಿಲ್ವಾ?" ಅಂದಿರಿ. ಸರಿಮಾಡಿದಿರಿ. ಎರಡು ದಿನ ಬಿಟ್ಟು ಮತ್ತೆ ಸಡಿಲ ಮಾಡಿದೆ. ಮತ್ತೆ ಸರಿಮಾಡಿದಿರಿ. ಹೀಗೆ ಒಂದು ತಿಂಗಳು. ಒಂದು ದಿನ ಸ್ಪ್ಯಾನರ್ ಹಿಡಿದುಕೊಂಡೇ ಅಡುಗೆಮನೆಗೆ ಬಂದು ಕೇಳಿದಿರಿ:

"ಲೇ, ಗಾಡೀನ ಯಾರಾದ್ರೂ ಮುಟ್ಟಿದ್ರಾ?"

"ಯಾರು ಮುಟ್ತಾರ್ರೀ ಅದನ್ನ. ನಿಮಗೇ ಮರೆವು."

ಒಲೆಯ ಕಡೆ ತಿರುಗಿಕೊಂಡೇ ಹೇಳಿದೆ. ಬೇಳೆ ಬೇಯುತ್ತಿತ್ತು. ನೀವು ಸ್ಪ್ಯಾನರನ್ನು ಕಟ್ಟೆಯ ಮೇಲಿಟ್ಟು ಹೋದಿರಿ, ನಾನು ಬೇಳೆಗೆ ಉಪ್ಪು ಹಾಕಿದೆ.

ಅವತ್ತಿನಿಂದ ನೀವು ಗಾಡಿ ಮುಟ್ಟಲಿಲ್ಲ. ಗಾಡಿಯೊಂದೇ ಆಗಿದ್ದರೆ... ಬೀದಿಯವರು ಮಿಕ್ಸಿ ತಂದರೆ ಬೇಡ ಅಂತ ಕಳಿಸಿದಿರಿ. ಗ್ಯಾಸ್ ಆಫ್ ಮಾಡಿ ಮೂರು ಸಲ ಹಿಂತಿರುಗಿ ಬಂದು ನೋಡಿದಿರಿ. ಮೂವತ್ತೈದು ವರ್ಷ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ, ಬಿಗಿ ಮಾಡಿದ್ದಕ್ಕೆಲ್ಲ ಸಹಿ ಹಾಕಿದ ಮನುಷ್ಯ. ಒಂದು ಸಂಜೆ ಮನೆಯ ಮೇಲೆ ವಿಮಾನ ಹಾರಿದಾಗ ಕಾಫಿ ಲೋಟ ಕೆಳಗಿಟ್ಟು, ಸದ್ದು ಪೂರ್ತಿ ಅಡಗುವ ತನಕ ಕೂತಿದ್ದು, "ಕಾರ್ಖಾನೇಲೂ ಹೀಗೇ ಸಡಿಲ ಬಿಟ್ಟಿದ್ನೇನೋ" ಅಂದಿರಿ. ಅವತ್ತೇ ಹೇಳಬೇಕಿತ್ತು. ನೀವು ನನ್ನನ್ನು ಹೇಗೆ ನೋಡುತ್ತೀರೋ ಅನ್ನುವ ಹೆದರಿಕೆ — ಅಷ್ಟೇ, ಇನ್ನೇನೂ ಇಲ್ಲ.

ಗಾಡಿ ಕೊಟ್ಟುಬಿಡೋಣ ಅಂದವರು ನೀವು. ಕೊಳ್ಳಲು ಶಿವಾಜಿನಗರದಿಂದ ಒಬ್ಬರು ಬರುವವರಿದ್ದರು. ಹಿಂದಿನ ದಿನ ಮಧ್ಯಾಹ್ನ ನಾನೇ ಅಳತೆಯ ಗೇಜ್ ಇಟ್ಟು ಸಂದು ಸರಿಮಾಡಿ, ಸ್ಕ್ರೂ ಬಿಗಿ ಮಾಡಿದೆ. ಮುಗಿದುಹೋಗಲಿ ಅನ್ನಿಸಿತ್ತು. ಅವರು ಒಂದೇ ಒದೆಗೆ ಸ್ಟಾರ್ಟ್ ಮಾಡಿದರು. ನೀವು ಒಳಗಿನ ಕೋಣೆಯಲ್ಲಿ ಕೂತು ಕೇಳಿಸಿಕೊಂಡಿರಿ. "ನೋಡಿದ್ಯಾ, ಗಾಡೀದೇನೂ ತಪ್ಪಿರಲಿಲ್ಲ" ಅಂದಿರಿ. ಸಿಟ್ಟಿಲ್ಲದೆ ಹೇಳಿದಿರಿ. ಸಿಟ್ಟಾಗಿದ್ದರೆ ನಾನೂ ಜಗಳವಾಡಿ ಬಾಯಿಬಿಡುತ್ತಿದ್ದೆನೋ ಏನೋ.

ಕೊನೆಗೆ ಆಸ್ಪತ್ರೆ. ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು, ನನ್ನ ಮಣಿಕಟ್ಟು ಹಿಡಿದುಕೊಂಡಿರಿ.

"ನಾನು ಎಲ್ಲಾ ಬಿಗಿ ಮಾಡಿದ್ದೆ ಅಂತ ನೀನಾದ್ರೂ ಹೇಳೇ."

"ಮಾಡಿದ್ರಿ ಬಿಡ್ರೀ. ಎಲ್ಲಾ ಬಿಗಿ ಮಾಡಿದ್ರಿ. ಗಂಜಿ ಕುಡೀರಿ."

ಮಗುವಿಗೆ ಹೇಳುವ ಹಾಗೆ ಹೇಳಿದೆ. ರೋಗಿಯ ಸಮಾಧಾನಕ್ಕೆ ಹೆಂಡತಿ ಆಡುವ ಮಾತು ಅಂದುಕೊಂಡಿರಿ — ಮುಖದಲ್ಲೇ ಗೊತ್ತಾಯಿತು. ನನ್ನ ಮಣಿಕಟ್ಟು ಬಿಟ್ಟು ಗೋಡೆಯ ಕಡೆ ತಿರುಗಿದಿರಿ. ನಿಮ್ಮನ್ನು ನಂಬಿಸುವಂಥ ಮಾತು ಲೋಕದಲ್ಲಿ ಒಬ್ಬಳ ಹತ್ತಿರವೇ ಇತ್ತು. ಅವಳು ನಿಮ್ಮ ಪಕ್ಕದಲ್ಲೇ ಚಮಚ ಹಿಡಿದು ಕೂತಿದ್ದಳು, ಹೇಳಲಿಲ್ಲ.